ನೂರ ಹನ್ನೆರಡು ಮೀಟರ್ ನೀರು

"ಈ ಯಂತ್ರ ಹೇಳೋದು ನಿಜ ಆಗಿದ್ರೆ, ನಾವೆಲ್ಲ ಈಗ ನೀರಿನಡಿ ಕೂತಿರ್ಬೇಕಿತ್ತು!"

ಅವಳ ಮಾತಿಗೆ ಬಂದರು ಕಚೇರಿಯ ಸಭೆ ಗೊಳ್ಳೆಂದು ನಕ್ಕಿತು. ಬಾಗಿಲ ಬಳಿ ನಿಂತಿದ್ದ ಎತ್ತರದ ಯುವಕ ಮಾತ್ರ ನಗಲಿಲ್ಲ. "ಅದನ್ನ ಕಟ್ಟಿದ್ದು ನಾನೇ," ಎಂದ.

ಅಯ್ಯೋ... ತಿಂಗಳುಗಟ್ಟಲೆ ಫೋನಿನಲ್ಲಿ ತನ್ನನ್ನು ನಗಿಸಿದ ದನಿಯ ಒಡೆಯ ಇವನೇನಾ! ಮೊದಲ ಭೇಟಿಯಲ್ಲೇ ಅವನ ಮರ್ಯಾದೆ ಕಳೆದಿದ್ದಳು ಮಹಾರಾಯಗಿತ್ತಿ.

ಬಂದರಿನ ತಳದಲ್ಲಿ ಕೂತು ನೀರಿನ ಮಟ್ಟ ಅಳೆಯುವ ಯಂತ್ರವನ್ನು ಕಟ್ಟಿದವನು ಅವನು. ಅದು ಕಳಿಸುವ ಕಚ್ಚಾ ಬೈಟುಗಳನ್ನು ಪೈಥಾನ್ ಪ್ರೋಗ್ರಾಮಿನಲ್ಲಿ ಅಂಕಿಗಳಾಗಿಸುವವಳು ಅವಳು. ಎರಡು ಬೈಟು ಸೇರಿದರೆ ಒಂದು ಅಂಕಿ, ಸೆಂಟಿಮೀಟರ್ ಲೆಕ್ಕದಲ್ಲಿ: ಚಿಕ್ಕ ಬೈಟು ಬಿಡಿ ಎಣಿಕೆ, ದೊಡ್ಡದು ಇನ್ನೂರ ಐವತ್ತಾರರ ಕಟ್ಟುಗಳ ಎಣಿಕೆ. ಅವಳ ಕಂಪ್ಯೂಟರ್ ತೆರೆಯಲ್ಲಿ ನೀರು ನೂರ ಹನ್ನೆರಡು ಮೀಟರ್ ಎದ್ದು, ಮರುಗಳಿಗೆಯೇ ನೂರ ಹದಿನೈದಕ್ಕೆ ಹಾರಿತ್ತು.

"ಲೆಕ್ಕ ಸರಿಯಿದ್ಯಾ?" ಎಂದಷ್ಟೇ ಕೇಳಿದ ಅವನು.

"ನನ್ನ ಲೆಕ್ಕ ತಪ್ಪಲ್ಲ!"

"ಹಾಗಾದ್ರೆ ಯಂತ್ರಾನೇ ಕೆಟ್ಟಿದೆ. ಇವತ್ತೇ ಕೊಯ್ದು ನೋಡ್ತೀನಿ."

ಅದರ ಬೆಸುಗೆ ಒಮ್ಮೆ ಕೊಯ್ದರೆ ಮುಗಿಯಿತು, ಮತ್ತೆ ಅದು ನೀರಿಗಿಳಿಯದು. ಅವನೇ ಎಂದೋ ಹೇಳಿದ್ದು ಅವಳಿಗೆ ನೆನಪಿತ್ತು.

ಊಟ ಸೇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದಳು.

"ದಿನಾ ಅವನ ಜೊತೆ ಫೋನಲ್ಲಿ ಕಿಲಕಿಲ ಅಂತಿದ್ದೆ, ಮುಖ ನೋಡಿದ ತಕ್ಷಣ ಹರಿಹಾಯ್ದುಬಿಟ್ಯಾ?" ಎಂದು ಅಕ್ಕ ಗದರಿದಳು. "ಹುಚ್ಚಿ, ಇನ್ನೊಂದ್ಸಲ ನೋಡು."

ಬೈಟುಗಳನ್ನೇ ಬಿಡಿಬಿಡಿಯಾಗಿ ತೆರೆದಳು. ನಲವತ್ತನಾಲ್ಕು, ಒಂದು. ನಲವತ್ತೈದು, ಒಂದು. ನಲವತ್ತಾರು, ಒಂದು...

ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ಹೆಜ್ಜೆ ಇಡುತ್ತದೆಯೇ? ದೊಡ್ಡ ಬೈಟು, ಅಂದರೆ ಕಟ್ಟುಗಳದ್ದು, ಮೊದಲು ಬರುತ್ತದೆಂದು ಅವಳು ತಾನೇ ಅಂದುಕೊಂಡಿದ್ದಳು. ಅವನ ಯಂತ್ರ ಚಿಕ್ಕದನ್ನು ಮೊದಲು ಕಳಿಸುತ್ತಿತ್ತು!

ಪ್ರೋಗ್ರಾಮಿನಲ್ಲಿ 'ಬಿಗ್' ಎಂದಿದ್ದುದನ್ನು ಅಳಿಸಿ 'ಲಿಟಲ್' ಎಂದು ಬರೆದಳು. ಅಷ್ಟೇ.

ಮುನ್ನೂರು ಸೆಂಟಿಮೀಟರ್, ಬರೀ ಮೂರು ಮೀಟರ್. ಮುನ್ನೂರ ಒಂದು. ಮುನ್ನೂರ ಎರಡು...

ತೆರೆಯ ಮೇಲೆ ಹಲವು ದಿನಗಳ ಉಬ್ಬರವಿಳಿತದ ಗೆರೆ ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು, ಮತ್ತೆ ಏರಿತು, ಮಲಗಿದ ಮಗುವಿನ ಎದೆಯಂತೆ. ಎಲ್ಲೋ ಚಂದ್ರ ಎಳೆಯುತ್ತಿದ್ದಾನೆ, ಇಲ್ಲಿ ಅವಳ ಮೇಜಿನ ಮೇಲೆ ಇಡೀ ಸಮುದ್ರ ಉಸಿರಾಡುತ್ತಿದೆ! ಅವಳ ಮೈ ಜುಮ್ಮೆಂದಿತು. ಕೈ ತಾನಾಗಿ ಬಾಯಿಗೆ ಹೋಯಿತು.

ಮರುಕ್ಷಣವೇ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿದಳು.

ಬಂದರಿನ ಕಟ್ಟೆಯ ಮೇಲೆ, ಆಗಷ್ಟೇ ಮೇಲೆತ್ತಿದ ಯಂತ್ರದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನು ಗರಗಸ ಎತ್ತಿದ್ದ.

"ನಿಲ್ಲಿ! ಅದು ಸುಳ್ಳು ಹೇಳಿಲ್ಲ... ನಾನೇ ಹಿಂದುಮುಂದಾಗಿ ಓದ್ಬಿಟ್ಟೆ!"

ಇಬ್ಬರೂ ನೆಲದ ಮೇಲೇ ಕೂತು ಆ ಗೆರೆಯನ್ನು ನೋಡಿದರು.

"ಇಷ್ಟು ಚೆನ್ನಾಗಿರುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ..." ಎಂದ ಅವನು, ಪಿಸುದನಿಯಲ್ಲಿ.

"ಎಲ್ಲರ ಮುಂದೆ ಅವಮಾನ ಮಾಡ್ದೆ. ತಪ್ಪು ನಂದು ಅಂತ ಎಲ್ಲರ ಮುಂದೇನೇ ಹೇಳ್ತೀನಿ. ಆದ್ರೆ ನೀವ್ಯಾಕೆ ಒಂದು ಮಾತೂ ವಾದ ಮಾಡ್ಲಿಲ್ಲ?"

"ನೀವು ಹೇಳಿದ್ರಲ್ಲ..." ಅವನ ದನಿ ತಡವರಿಸಿತು. "ವರ್ಷಗಟ್ಟಲೆ ಕೂತು ಕಟ್ಟಿದ ಯಂತ್ರಕ್ಕಿಂತ ನಿಮ್ಮ ಮಾತೇ ಹೆಚ್ಚು ನಂಗೆ."

ಅವಳ ಕಣ್ಣು ತುಂಬಿ ಬಂತು.

"ಹಾಗೆಲ್ಲ ಕಣ್ಮುಚ್ಚಿ ನನ್ನ ನಂಬಬೇಡಿ..."

"ಮತ್ತಿನ್ನೇನು ಮಾಡ್ಲಿ?"

"ಜಗಳ ಆಡಿ. ಜೊತೇಲೇ ಇದ್ದು... ಜೀವನಪೂರ್ತಿ."

ಅವನು ಗರಗಸ ಪಕ್ಕಕ್ಕಿಟ್ಟ. "ಸೋಲೋದು ನಾನೇ."

"ನೋಡೋಣ," ಎಂದು ಅವಳು ಅವನ ಒದ್ದೆ ಕೈ ಹಿಡಿದುಕೊಂಡಳು.