ಅರಮನೆ ಗೋಪುರದ ಮರದ ಗಿಡುಗ

ಬಲು ಹಿಂದಿನ ಮಾತು. ಶಿವನ ದಯೆಯಿಂದ ಸುಭಿಕ್ಷವಾಗಿದ್ದ ಬೆಳ್ಗಿರಿ ಎಂಬ ರಾಜ್ಯದ ಮೇಲೆ ಧೂಮಕನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಬಿಳಿ ಪಾರಿವಾಳವಾಗಿ, ಪಾರಿವಾಳಗಳ ದೊಡ್ಡ ದಂಡು ಕಟ್ಟಿಕೊಂಡು ಅರಮನೆಯ ಗೋಪುರಕ್ಕೆ ಇಳಿದ. ಹಕ್ಕಿಗಳು ಹಗಲೆಲ್ಲ ಗಾರೆ ಕುಕ್ಕಿ ಕೆಡವಿದವು. ಗೋಪುರ ಬಿದ್ದ ದಿನ ರಾಜ್ಯ ಅವನದು ಎಂಬುದೇ ಅವನ ಮಂತ್ರ. ಆದರೆ ದಂಡು ಅವನ ಮಾತು ನಂಬಿರುವವರೆಗೆ ಮಾತ್ರ ಆ ಮಂತ್ರಕ್ಕೆ ಬಲ.

ಬೊಂಬೆ ಕೆತ್ತುವ ಕರಿಬಸಣ್ಣ ಅವುಗಳನ್ನು ಬೆದರಿಸಲೆಂದು ಹಗುರ ಮರದಲ್ಲಿ ರೆಕ್ಕೆ ಬಿಚ್ಚಿದ ಗಿಡುಗ ಮಾಡಿ ಗೋಪುರದ ತುದಿಗೆ ಕೂರಿಸಿದ. ಪಾರಿವಾಳಗಳು ಅದರ ನೆತ್ತಿಯ ಮೇಲೇ ಗೂಡು ಕಟ್ಟಿದವು. ಅರಸ ಸಿಟ್ಟಾಗಿ ಅವನನ್ನು ಸೆರೆಗೆ ಹಾಕಿದ.

ಕರಿಬಸಣ್ಣನ ಮಗಳು ಗುರುಸಿದ್ದವ್ವ ಆಸ್ಥಾನಕ್ಕೆ ಬಂದು ನಿಂತಳು.

“ಮಹಾಸ್ವಾಮಿ, ನಮ್ಮಪ್ಪನ ಗಿಡುಗದಿಂದಲೇ ಹಕ್ಕಿ ಓಡಿಸ್ತೇನೆ. ಮೂರು ಸಲ ಅವಕಾಶ ಕೊಡಿ. ಆಗದಿದ್ದರೆ ಅಪ್ಪನ ಪಕ್ಕದಲ್ಲಿ ನನಗೂ ಜಾಗ ಮಾಡಿ.”

“ಗೂಡು ಕಟ್ಟಿಸಿಕೊಂಡ ಗಿಡುಗ ಅದು, ತಾಯಿ” ಎಂದು ಅರಸ ನಕ್ಕ. “ಆಗಲಿ, ನೋಡೋಣ.”

ಮೊದಲ ಸಲ ಅವಳು ಗಿಡುಗಕ್ಕೆ ಕೆಂಗಣ್ಣು ಬರೆದಳು. ದಂಡು ಬೆದರಿತು. “ಹೆದರಬೇಡ್ರೋ, ಅದು ಮರ” ಎಂದ ಧೂಮಕ. ಹಕ್ಕಿಗಳು ಮರಳಿದವು.

ಎರಡನೆಯ ಸಲ ನಿಜವಾದ ಗರಿ ಅಂಟಿಸಿದಳು. ದಂಡು ಬೆದರಿತು. ಧೂಮಕ ಅದರ ಬೆನ್ನೇರಿ ಕೂತು, “ನೋಡ್ರೋ, ಬರೀ ಮರ. ನಾನು ಓಡಿದ ದಿನ ನೀವೂ ಓಡಿ” ಎಂದ. ಹಕ್ಕಿಗಳು ಮತ್ತೆ ಮರಳಿದವು.

ಗುರುಸಿದ್ದವ್ವ ಶಿವನಿಗೆ ಕೈಮುಗಿದು ಬಯಲಿಗೆ ಹೋಗಿ ಕೂತಳು. ಮೇಲೆ ನಿಜವಾದ ಗಿಡುಗ ಸುತ್ತುತ್ತಿತ್ತು. ಕೆಳಗೆ ಕಾಳು ಹೆಕ್ಕುತ್ತಿದ್ದ ಹಕ್ಕಿಗಳು ತಲೆ ಎತ್ತಿ ನೋಡಲೇ ಇಲ್ಲ. ನೆಲದ ಮೇಲೆ ನೆರಳು ಹಾದದ್ದೇ ತಡ, ಹಾರಿಹೋದವು.

“ಅಪ್ಪನ ಕೆತ್ತನೆಯಲ್ಲಿ ತಪ್ಪಿಲ್ಲ. ಅದನ್ನು ಕೂರಿಸಿದ್ದೇ ತಪ್ಪು” ಎಂದುಕೊಂಡಳು.

ಮೂರನೆಯ ಸಲ ಗೋಪುರದ ತುದಿಗೆ ಉದ್ದನೆಯ ಬಿದಿರು ಕಟ್ಟಿ, ಹಗ್ಗದಲ್ಲಿ ಗಿಡುಗವನ್ನು ತೂಗುಬಿಟ್ಟಳು. ಗಾಳಿ ಬೀಸಿತು. ಗಿಡುಗ ಸುತ್ತಿತು. ನೆರಳು ದಂಡಿನ ಮೇಲೆ ಹರಿದುಬಂತು.

“ಅದು ಮರ…” ಎನ್ನುತ್ತಿದ್ದ ಧೂಮಕನ ಬೆನ್ನ ಮೇಲೇ ನೆರಳು ಬಿತ್ತು. ಬುದ್ಧಿ ಮಾಂತ್ರಿಕನದಾದರೂ ಎದೆ ಪಾರಿವಾಳದ್ದು. ಎಲ್ಲರಿಗಿಂತ ಮೊದಲು ಅವನೇ ಹಾರಿದ.

“ಓಹೋ, ಧಣಿಗಳೇ ಹೊರಟರಲ್ಲ” ಎಂದಿತು ಮುದಿ ಪಾರಿವಾಳವೊಂದು. ದಂಡು ದಿಕ್ಕಾಪಾಲಾಯಿತು. ಆಮೇಲೆ ಯಾವ ಹಕ್ಕಿಯೂ ಅವನನ್ನು ನಂಬಲಿಲ್ಲ. ಮಂತ್ರ ಸತ್ತಿತು, ಧೂಮಕ ಮತ್ತೆ ಮನುಷ್ಯನಾಗಲಾರದೆ ಕಾಡು ಸೇರಿದ.

ಅರಸ ತಾನೇ ಹೋಗಿ ಸೆರೆಮನೆಯ ಬಾಗಿಲು ತೆಗೆದು, ಕರಿಬಸಣ್ಣನನ್ನು ಕೈಹಿಡಿದು ಅಂಗಳಕ್ಕೆ ತಂದ.

“ಏನು ಬೇಕು ಕೇಳು ತಾಯಿ.”

“ಅಪ್ಪ ಸಿಕ್ಕ. ಇನ್ನು, ಆ ಗಿಡುಗ ಮಾಡಿದವರು ಯಾರೆಂದು ಊರಿಗೆಲ್ಲ ಸಾರಿಸಿ, ಸಾಕು.”

ಕರಿಬಸಣ್ಣ ಮೇಲೆ ಸುತ್ತುತ್ತಿದ್ದ ಗಿಡುಗವನ್ನು ನೋಡಿದ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ:

“ಸರಿಯಾಗಿ ಸಾರಿಸಿ ಸ್ವಾಮಿ. ನಾನು ಮಾಡಿದ್ದು ಬೊಂಬೆ. ಅದನ್ನು ಗಿಡುಗ ಮಾಡಿದವಳು ಇವಳು.”

ಹಾಗೆಯೇ ಡಂಗುರವಾಯಿತು. ಬೆಳ್ಗಿರಿಯ ಮಂದಿ ಆ ಸುತ್ತುವ ನೆರಳಿನ ಕೆಳಗೆ ನಿಶ್ಚಿಂತೆಯಿಂದ, ತಲೆ ಎತ್ತಿ ಬಾಳಿದರು.