ಮಾತಾಡಬಹುದು, ಹಾಡಬಾರದು

ನಿಂತಲ್ಲೇ ನಿಂತ ಸೈಕಲ್ಲಿನಿಂದ ಬೀಳುವುದಕ್ಕೂ ಪುಣ್ಯ ಮಾಡಿರಬೇಕು. ರೇಡಿಯೊ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ ಆ ಪುಣ್ಯ ಮಾಡಿದ್ದಳು. ಕಾಲೇಜಿನ ಜಿಮ್ಮಿನಲ್ಲಿ ಮೊದಲ ದಿನವೇ ಸುಸ್ತಾಯಿತೆಂದು ತಟ್ಟನೆ ಕಾಲು ನಿಲ್ಲಿಸಲು ಹೋದಳು. ಆ ಸೈಕಲ್ಲಿನ ಭಾರದ ಚಕ್ರ ಯಾರ ಮಾತನ್ನೂ ಕೇಳುವ ಜಾತಿಯದಲ್ಲ. ಪೆಡಲು ಅವಳ ಕಾಲನ್ನೂ ಎಳೆದುಕೊಂಡೇ ತಿರುಗಿತು, ಅವಳು ಪಕ್ಕಕ್ಕೆ ವಾಲಿದಳು.

ಪಕ್ಕದ ಸೈಕಲ್ಲಿನಿಂದ ಉದ್ದನೆಯ ಕೈಯೊಂದು ಬಂದು ಅವಳ ಹ್ಯಾಂಡಲ್ ಕೆಳಗಿನ ಕೆಂಪು ಗುಂಡಿಯನ್ನು ಒತ್ತಿತು. ಚಕ್ರ ನಿಂತಿತು. ಇನ್ನೊಂದು ಕೈ ಅವಳ ಭುಜ ಹಿಡಿದಿತ್ತು. ಅದು ಬಿಡಲು ಕೊಂಚ ತಡಮಾಡಿತು.

"ಥ್ಯಾಂಕ್ಸ್ ರೀ. ಇಲ್ದಿದ್ರೆ ಇವತ್ತು ನನ್ನ ಹಲ್ಲು ಲೆಕ್ಕಕ್ಕೆ ಸಿಗ್ತಿರ್ಲಿಲ್ಲ."

ಆ ಕೈಯ ಒಡೆಯ ಲಂಬು ತಲೆಯಾಡಿಸಿದ, ಅಷ್ಟೇ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಇಬ್ಬರನ್ನೂ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದರು. ಎತ್ತರಕ್ಕೆ ಅವನು ಲಂಬು, ಬಾಯಿ ಮುಚ್ಚದ್ದಕ್ಕೆ ಅವಳು ರೇಡಿಯೊ. ತರಗತಿ ನಡೆಸುತ್ತಿದ್ದ ಕೋಚ್ ಮೇಡಂ ಒಂದು ಕಾಲದಲ್ಲಿ ಓಟದಲ್ಲಿ ಪದಕ ಗೆದ್ದವರು. ಎದೆಬಡಿತ ಅಳೆಯುವ ಮೀಟರುಗಳ ಮೇಲೆ ಅವರಿಗೆ ಕಾಸಿನಷ್ಟೂ ನಂಬಿಕೆಯಿರಲಿಲ್ಲ.

"ಪಕ್ಕದವರ ಹತ್ರ ಮಾತಾಡ್ತಾ ತುಳೀರಿ," ಎನ್ನುತ್ತಿದ್ದರು. "ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು. ಹೃದಯಕ್ಕೆ ಅದೇ ಒಳ್ಳೇ ವೇಗ. ಮಾತೇ ಹೊರಡ್ತಿಲ್ಲ ಅಂದ್ರೆ ಆ ಕೆಂಪು ಗುಂಡಿ ತಿರುಗಿಸಿ ಪೆಡಲು ಸಡಿಲ ಮಾಡಿ. ಜೋಡಿಯವರು ಸುಸ್ತಾದ್ರೆ ನಂಗೆ ಬಂದು ಹೇಳೋದು ನಿಮ್ಮ ಜವಾಬ್ದಾರಿ."

ಹಾಗೆ ಲಂಬು ರೇಡಿಯೊಗೆ ಜೋಡಿಯಾದ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಆಸಾಮಿ ಬಾಯಿ ಬಿಡಬೇಕಲ್ಲ!

"ಬೆಳಿಗ್ಗೆ ಏನ್ ತಿಂದ್ರಿ?"

"ಬ್ರೆಡ್."

"ಮನೇಲಿ ಯಾರ್ಯಾರಿದ್ದಾರೆ?"

"ಅಕ್ಕ."

"ಗುಂಡಿ ಸ್ವಲ್ಪ ಸಡಿಲ ಮಾಡ್ಕೊಳ್ಳಿ. ಹಾಂ, ಅಕ್ಕ ಏನ್ ಮಾಡ್ತಾರೆ?"

"ಟೀಚರ್."

ಬೇರೆ ಯಾರಾದರೂ ಆಗಿದ್ದರೆ ಜಂಬದ ಕೋಳಿ ಎಂದು ಬಿಟ್ಟುಬಿಡುತ್ತಿದ್ದಳು. ಇವನನ್ನು ಬಿಡಲಾಗಲಿಲ್ಲ. ಅವಳು ಬರುವಷ್ಟರಲ್ಲಿ ಅವಳ ಸೀಟು ಅವಳ ಸೊಂಟದ ಎತ್ತರಕ್ಕೆ ಇಳಿದಿರುತ್ತಿತ್ತು, ಹ್ಯಾಂಡಲಿನ ಬೆವರು ಒರೆಸಿರುತ್ತಿತ್ತು. ಗೋಡೆಯ ಕನ್ನಡಿಯಲ್ಲಿ ಅವನ ಕಣ್ಣು ಅವಳ ಮೇಲೇ ಇರುತ್ತಿತ್ತು. ಅವಳು ನೋಡಿದರೆ ತಕ್ಷಣ ಸೀಲಿಂಗ್ ಫ್ಯಾನಿಗೆ ಜಿಗಿಯುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಅವಳು ಆ ಬ್ರೆಡ್ಡು, ಅಕ್ಕ, ಟೀಚರುಗಳನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದಳು. ಅವನ ಬಾಯಿಂದ ಪೂರ್ತಿ ಒಂದು ಮಾತು ಕೇಳಬೇಕು, ಅದೊಂದೇ ಆಸೆಯಾಗಿತ್ತು.

ದಿನ ಕಳೆದಂತೆ ಆಸೆಯ ಜೊತೆಗೆ ಭಯವೂ ಸೇರಿಕೊಂಡಿತು. ಗುಂಡಿ ಪೂರ್ತಿ ಸಡಿಲವಿದ್ದಾಗಲೂ ಅವನಿಗೆ ಮಾತು ಹೊರಡುತ್ತಿರಲಿಲ್ಲ. ಅವಳ ಅಪ್ಪನೂ ಆಸ್ಪತ್ರೆ ಸೇರುವ ಮುಂಚೆ ಹೀಗೇ ಇದ್ದ. ಮೆಟ್ಟಿಲು ಹತ್ತಿ ಬಂದರೆ ಒಂದೊಂದೇ ಪದ ಆಡುತ್ತಿದ್ದ. ಮನೆಯವರೆಲ್ಲ ಮುನಿಸು ಎಂದುಕೊಂಡಿದ್ದರು. ಅದು ಮುನಿಸಲ್ಲ, ಎದೆಯ ಕಾಯಿಲೆ ಎಂದು ತಿಳಿಯುವಷ್ಟರಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬಂದಿತ್ತು.

ಅವಳು ಕೋಚ್ ಮೇಡಂ ಬಳಿ ಹೋಗಿ ಹೇಳಿಯೇಬಿಟ್ಟಳು: "ಮೇಡಂ, ಲಂಬುಗೆ ಉಸಿರು ಸಾಲ್ತಿಲ್ಲ. ದಯವಿಟ್ಟು ಡಾಕ್ಟರಿಗೆ ತೋರ್ಸಿ."

ಮರುದಿನ ಪಕ್ಕದ ಸೈಕಲ್ಲು ಖಾಲಿಯಿತ್ತು.

"ಡಾಕ್ಟರ ಪರೀಕ್ಷೆ ಎಲ್ಲ ಮುಗಿಯೋವರೆಗೂ ಬರೋದು ಬೇಡ ಅಂದಿದ್ದೀನಿ," ಎಂದರು ಮೇಡಂ. "ಪಾಪ, ಅಗ್ನಿಶಾಮಕ ದಳದ ಟ್ರೈನಿಂಗಿಗೆ ಸೆಲೆಕ್ಟ್ ಆಗಿದ್ದಾನೆ. ಈ ತಿಂಗಳು ಹೊರಡ್ಬೇಕು. ದೇಹ ಗಟ್ಟಿ ಇದೆ ಅಂತ ನಾನು ಸಹಿ ಹಾಕಿದ್ರೇನೇ ತಗೊಳ್ಳೋದು. ಉಸಿರೇ ಇಲ್ದೋನಿಗೆ ಹೇಗಮ್ಮ ಹಾಕ್ಲಿ?"

ರೇಡಿಯೊಗೆ ಆಗ ಅರ್ಥವಾಯಿತು. ಒಳ್ಳೆಯದು ಮಾಡಲು ಹೋಗಿ ಅವನ ಅನ್ನಕ್ಕೇ ಕಲ್ಲು ಹಾಕಿದ್ದಳು.

ಅವನ ಫೋನ್ ನಂಬರೂ ಅವಳ ಬಳಿ ಇರಲಿಲ್ಲ. ಒಬ್ಬಳೇ ತುಳಿಯುತ್ತಿದ್ದಳು, ಯಾರೊಂದಿಗೂ ಮಾತಿಲ್ಲ. ಅವನ ಸೈಕಲ್ಲಿನ ಸೀಟು ಇನ್ನೂ ಅವನ ಎತ್ತರಕ್ಕೇ ಇತ್ತು. ಯಾರಾದರೂ ಇಳಿಸಲು ಬಂದರೆ, "ಅದು ಕೆಟ್ಟಿದೆ ಕಣ್ರೀ," ಎಂದು ಹಸಿ ಸುಳ್ಳು ಹೇಳಿ ಕಳಿಸುತ್ತಿದ್ದಳು. ಅವನು ಸಿಟ್ಟಾಗಿರಲಿ, ಬಂದು ಬೈಯಲಿ, ಬಂದರೆ ಸಾಕು ಎನಿಸುತ್ತಿತ್ತು.

ಒಂದು ಸಂಜೆ ಅವನು ಬಂದ. ತರಗತಿ ಮುಗಿದು ಎಲ್ಲರೂ ಹೊರಟಿದ್ದರು.

"ಡಾಕ್ಟರು ಇವನ ಹೃದಯ ಗುಂಡುಕಲ್ಲಿನ ಹಾಗೆ ಗಟ್ಟಿ ಇದೆ ಅಂತಾರೆ," ಎಂದರು ಕೋಚ್ ಮೇಡಂ. "ನಂಗೆ ಅದು ಸಾಲ್ದು. ಲಂಬು, ಸೈಕಲ್ ಹತ್ತು, ತುಳಿ, ನನ್ನೆದುರು ಮಾತಾಡು. ಮಾತು ಬಂದ್ರೆ ಸಹಿ ಹಾಕ್ತೀನಿ, ನಾಳೆನೇ ಹೊರಡು. ರೇಡಿಯೊ, ನೀನೇ ಪ್ರಶ್ನೆ ಕೇಳಮ್ಮ."

ಇಬ್ಬರೂ ಹತ್ತಿದರು. ಮೇಡಂ ಅವನ ಗುಂಡಿಯನ್ನು ತಾವೇ ಬಿಗಿ ಮಾಡಿದರು.

ಒಂದು ಕ್ಷಣ ಅವಳಿಗೆ ಕೆಟ್ಟ ಬುದ್ಧಿ ಬಂತು. ಬ್ರೆಡ್ಡಿನಂಥ, ಒಂದೇ ಪದದ ಉತ್ತರ ಬರುವ ಪ್ರಶ್ನೆ ಕೇಳಿದರೆ ಮುಗಿಯಿತು, ಅವನು ಇಲ್ಲೇ ಉಳಿಯುತ್ತಾನೆ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಅವಳು ಕೇಳಿದಳು: "ಬೆಂಕಿ ಆರಿಸೋ ಕೆಲಸಾನೇ ಯಾಕೆ ಬೇಕು ನಿಮಗೆ?"

ಅವನು ಕಣ್ಣು ಮುಚ್ಚಿಕೊಂಡ.

"ನಾನು ಚಿಕ್ಕೋನಿದ್ದಾಗ ನಮ್ಮ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಅಕ್ಕ ಮೂರನೇ ಮಹಡೀಲಿ ಸಿಕ್ಕಾಕೊಂಡಿದ್ಲು. ಅಗ್ನಿಶಾಮಕ ದಳದ ಒಬ್ಬ ಅಣ್ಣ ಅವಳನ್ನ ಹೆಗಲ ಮೇಲೆ ಹಾಕ್ಕೊಂಡು ಇಳಿಸಿದ್ರು. ಅವಳು ಹೆದರಬಾರ್ದು ಅಂತ ಮೆಟ್ಟಿಲುದ್ದಕ್ಕೂ ಏನೋ ಕಥೆ ಹೇಳ್ತಾನೇ ಇದ್ರಂತೆ. ಅವತ್ತಿಂದ ನಂಗೆ ಇನ್ನೇನೂ ಆಗ್ಬೇಕು ಅನ್ಸಿಲ್ಲ."

"ಸಾಕು, ಪಾಸು," ಎಂದರು ಮೇಡಂ.

"ಇನ್ನೂ ಇದೆ ಮೇಡಂ." ಅವನು ಕಣ್ಣು ತೆರೆದು ನೇರವಾಗಿ ರೇಡಿಯೊಳನ್ನು ನೋಡಿದ. ಪೆಡಲು ನಿಲ್ಲಿಸಲಿಲ್ಲ. "ನಂಗೆ ಉಸಿರಿನ ತೊಂದರೆ ಇಲ್ಲ. ಎಲ್ಲರ ಹತ್ರಾನೂ ಮಾತಾಡ್ತೀನಿ, ಅಕ್ಕ ಸಾಕು ಸುಮ್ನಿರೋ ಅಂತಾಳೆ. ನಿನ್ನ ಪಕ್ಕ ಕೂತ್ರೆ ಮಾತ್ರ ಬಾಯಿ ಕಟ್ಟುತ್ತೆ. ಒಂದು ಪದ ಜಾಸ್ತಿ ಆಡಿದ್ರೆ ಎಲ್ಲಾನೂ ಹೇಳ್ಬಿಡ್ತೀನೇನೋ ಅಂತ ಭಯ. ನಂಗೆ ನೀನಂದ್ರೆ ತುಂಬಾ ಇಷ್ಟ."

ಕೋಚ್ ಮೇಡಂಗೆ ಇದ್ದಕ್ಕಿದ್ದಂತೆ ಒಳಕೋಣೆಯಲ್ಲಿ ಟವೆಲ್ ಮಡಚುವ ಕೆಲಸ ನೆನಪಾಯಿತು.

ರೇಡಿಯೊ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ನಂಗೂ ಇಷ್ಟ ಕಣೋ. ಇದನ್ನ ಹೇಳೋಕೆ ಹೊರಡೋ ಹಿಂದಿನ ದಿನಾನೇ ಬೇಕಿತ್ತಾ? ಎಷ್ಟು ದಿನ ಟ್ರೈನಿಂಗು?"

"ಒಂದು ವರ್ಷ. ವಾರಕ್ಕೊಂದೇ ಸಲ ಫೋನ್ ಕೊಡ್ತಾರಂತೆ. ಮೊದಲನೇ ಕರೆ ಅಕ್ಕನಿಗೆ ಮಾಡ್ಲೇಬೇಕು, ಇಲ್ದಿದ್ರೆ ಕೊಂದೇಬಿಡ್ತಾಳೆ. ಉಳಿದಿದ್ದೆಲ್ಲ ನಿನಗೆ. ಆಗುತ್ತಾ?"

"ಆಗಲ್ಲ. ಮೊದಲನೇದೂ ನಂಗೇ ಮಾಡು. ಅಕ್ಕನ ಹತ್ರ ನಾನು ಮಾತಾಡ್ಕೋತೀನಿ."

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವನು ಅಕ್ಕನ ಕಾಲು ಮುಟ್ಟಿದ. ರೇಡಿಯೊಳ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಇಬ್ಬರು ಹೆಂಗಸರು ಒಂದೇ ಬೆಂಚಿನ ಮೇಲೆ ಕೂತಿದ್ದರು. ಎದ್ದರೆ ಅವನು ನಿಜವಾಗಿಯೂ ಹೋದಂತೆ ಎಂದು ಇಬ್ಬರಿಗೂ ಅನಿಸಿತ್ತು.

ಬಹಳ ಹೊತ್ತಿನ ಮೇಲೆ ಅಕ್ಕ ಮೂಗು ಒರೆಸಿಕೊಂಡು ಅವಳ ಕೈ ಹಿಡಿದರು.

"ಮನೆಗೆ ಬಾಮ್ಮ," ಎಂದರು. "ನಂಗೂ ಇವತ್ತು ಒಬ್ಬಳೇ ಹೋಗೋಕೆ ಮನಸ್ಸಿಲ್ಲ."