ರೇಷ್ಮಾಬಿಯ ಎರಡನೇ ಕೊಡ

"ಹೊಳೆಪ್ಪಣ್ಣ ಅಂದಿದ್ದು ಖರೆ ಇದ್ರ ನಾ ಊರು ಬಿಡ್ತೀನ್ರಿ. ಸುಳ್ಳಿದ್ರ ನೀವ ಹೇಳ್ರಿ," ಎಂದು ರೇಷ್ಮಾಬಿ ಅಮೃತಾಳ ಬಾಗಿಲಲ್ಲಿ ನಿಂತಳು. ಆ ಹೊಳೆಪ್ಪ ನಾನೇ. ಅಲ್ಲೇ ಕಟ್ಟೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದೆ.

ಹಿಂದಿನ ದಿನ ತಿರ್ಲಾಪುರದ ನನ್ನ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರಿಗೆ ಅವಳು ತನ್ನ ಅಂಗಡಿಯಿಂದ ಲಿಂಬಿ ಶರಬತ್ತು ತಂದಿದ್ದಳು. ಮೊದಲ ಕೊಡದಿಂದ ಕುಡಿದವರು ಆರಾಮಿದ್ದರು. ಎರಡನೆಯದರಿಂದ ಕುಡಿದ ನಾಲ್ವರು ವಾಂತಿ ಮಾಡಿಕೊಂಡು ದವಾಖಾನೆ ಸೇರಿದರು. ಹೊಟ್ಟೆಗೆ ಕೀಟನಾಶಕ ಹೋಗಿದೆ ಎಂದರು ಡಾಕ್ಟರು. ಕೇಳಿದ್ದೇ ತಡ, ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ಈಕೀನ ವಿಷಾ ಕುಡಿಸ್ಯಾಳ" ಎಂದು ಕೂಗಾಡಿದೆ. ಅವಳು ಲೋಟ ತೊಳೆಯಲು ಹೋದಾಗ ಎರಡನೇ ಕೊಡಕ್ಕೆ ಲಿಂಬಿ ಹಿಂಡಿಕೊಟ್ಟು ಉಪಕಾರ ಮಾಡಿದವನು ನಾನು. ಆ ಉಪಕಾರಕ್ಕೆ ಇದೇ ಪ್ರತಿಫಲವೇ ಎಂದು ಸಿಟ್ಟು ನೆತ್ತಿಗೇರಿತ್ತು.

ಅಮೃತಾ ಧಾರವಾಡದ ಲ್ಯಾಬಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವಳು. ಊರಿನ ಯಾವ ತಂಟೆಯನ್ನಾದರೂ ಪತ್ತೆ ಹಚ್ಚುವವಳು ಅವಳು, ಬೈಕ್ ಹೊಡೆಯುವವನು ನಾನು. ಅಂದೂ ಹೊಲಕ್ಕೆ ಹೋದೆವು. ಶರಬತ್ತಿನ ಸಾಮಾನೆಲ್ಲ ಹಿಂದಿನ ದಿನ ಬಿಟ್ಟಲ್ಲೇ ಇತ್ತು. ಅವಳು ಚೀಲದಿಂದ ಕೆಂಪು ಕಾಗದದ ಪಟ್ಟಿಗಳನ್ನು ತೆಗೆದಳು.

"ಇದರಾಗ ಬಂಗಾರದ ಕಣಾ ಅದಾವ ಕಾಕಾ, ಕಣ್ಣಿಗೆ ಕಾಣದಷ್ಟು ಸಣ್ಣವು. ಕೀಟನಾಶಕ ತಾಗಿದ್ರ ನೀಲಿ ಆಗ್ತದ."

ಮೊದಲ ಕೊಡ, ಲೋಟ, ನೀರು, ಸಕ್ಕರೆ, ಉಳಿದ ಲಿಂಬಿಹಣ್ಣು, ಎಲ್ಲಕ್ಕೂ ಪಟ್ಟಿ ಕೆಂಪಾಗಿಯೇ ಉಳಿಯಿತು. ಎರಡನೇ ಕೊಡಕ್ಕೆ ನೀಲಿಯಾಯಿತು.

"ನಾ ಹೇಳಿರಲಿಲ್ಲೇನು?" ಎಂದೆ.

ಅವಳು ಕೊಡಗಳೊಳಗೆ ಬಗ್ಗಿ ನೋಡುತ್ತಿದ್ದಳು. ಮೊದಲನೆಯದರ ತಳದಲ್ಲಿ ಲಿಂಬಿಯ ಬೀಜಗಳಿದ್ದವು. ಎರಡನೆಯದರಲ್ಲಿ ಒಂದೂ ಇರಲಿಲ್ಲ.

ಸಂಜೆ ರೇಷ್ಮಾಬಿಯ ಅಂಗಡಿ ಮುಚ್ಚಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಊರು ಪಂಚಾಯ್ತಿ ಕಟ್ಟೆಗೆ ಸೇರಿತು.

ಅಮೃತಾ ಎದ್ದು ನಿಂತಳು. "ನೀರು, ಸಕ್ಕರಿ, ಲಿಂಬಿ ಎರಡೂ ಕೊಡಕ್ಕ ಒಂದ. ಆದ್ರ ಎರಡನೇದನ್ನ ಯಾರೋ ಸೋಸ್ಯಾರ, ಬೀಜ ಇಲ್ಲ. ರೇಷ್ಮಾಬಿ ಸೋಸೂದಿಲ್ಲ, ಮೊದಲನೇ ಕೊಡಾನ ಸಾಕ್ಷಿ. ವಿಷಾ ಇದ್ದಿದ್ದು ಸೋಸಿದ ಅರಿವಿಯೊಳಗ."

ನನ್ನ ಕೈ ಹೆಗಲ ಟವೆಲಿಗೆ ಹೋಯಿತು.

"ಅದನ್ನ ಕೊಡ್ರಿ ಕಾಕಾ."

ಅವಳು ಟವೆಲಿನ ಅಂಚನ್ನು ನೀರಿಗದ್ದಿ, ಆ ನೀರಿಗೆ ಪಟ್ಟಿ ಹಿಡಿದಳು. ನೀಲಿ. ಮೊನ್ನೆ ಹತ್ತಿಗೆ ಕೀಟನಾಶಕ ಹೊಡೆಯುವಾಗ ಬೆನ್ನಿನ ಪಂಪು ಸೋರುತ್ತಿತ್ತು. ಹೆಗಲಿಗೆ ಒತ್ತಬಾರದೆಂದು ಅದರ ಕೆಳಗೆ ಮಡಚಿ ಹಾಕಿಕೊಂಡಿದ್ದು ಇದೇ ಟವೆಲು. ಒಣಗಿತು, ಮರೆತೆ. ಬೀಜ ಯಾರ ಬಾಯಿಗೂ ಬರಬಾರದೆಂದು ಇದರಲ್ಲೇ ಸೋಸಿದ್ದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

"ಸೋಸಿದವ ನಾನು," ಎಂದೆ. "ಬೈದವನೂ ನಾನು. ತಪ್ಪಾತು ರೇಷ್ಮಾಬಿ."

ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ನನಗ್ಯಾಕ ಹೇಳ್ತೀರಿ ಅಣ್ಣಾ, ನಾ ವಿಷಾ ಹಾಕಿಲ್ಲಂತ ನನಗ ಗೊತ್ತೈತಿ. ಮನ್ಯಾಗ ಮಗಳು ನಿನ್ನೆಯಿಂದ ನಾ ಕೊಟ್ಟ ನೀರು ಸುದ್ದಾ ಕುಡಿವಲ್ಲಳು. ಆಕಿಗೆ ಹೇಳ್ರಿ."

ರೇಷ್ಮಾಬಿಯ ಮನೆಗೆ ಹೋದೆ. ಊರೆದುರು ಒಪ್ಪಿಕೊಂಡಿದ್ದಕ್ಕಿಂತ ಆ ಏಳು ವರ್ಷದ ಹುಡುಗಿಗೆ ಹೇಳುವುದು ಕಷ್ಟವಾಯಿತು. ಹೇಗೋ ಹೇಳಿ ಮುಗಿಸಿದೆ. ಅವಳು ಅವ್ವ ತಂದಿಟ್ಟ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು.

"ಮೊದಲ ನೀವು ಕುಡೀರಿ."

ಅರ್ಧ ಕುಡಿದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, ಉಳಿದರ್ಧ ಕುಡಿದಳು.